ಕೊಳೆ ಹಚ್ಚುವ ಕಸುಬಿನ ವೇಷದಮ್ಮ

ಹೊಸ ಬಟ್ಟೆ ಕೊಂಡು ಹಾಳುಮಾಡುವುದನ್ನೇ ಕಸುಬು ಮಾಡಿಕೊಂಡ ಗಿರಾಕಿ ನನ್ನ ಜವಳಿ ಅಂಗಡಿಗೆ ಸಿಕ್ಕಿದ್ದು ಒಬ್ಬರೇ. ನಾಟಕ, ಸಿನಿಮಾಗಳಿಗೆ ಉಡುಪು ಸಿದ್ಧಮಾಡುವ ಆಕೆಯನ್ನು ಎಲ್ಲರೂ ವೇಷದಮ್ಮ ಎನ್ನುತ್ತಿದ್ದರು. ಬಣ್ಣ ಹೋಗುತ್ತದೆಯೇ ಎಂದು ಉಳಿದವರು ಅಳುಕುತ್ತ ಕೇಳಿದರೆ ಈಕೆ ಆಸೆಯಿಂದ ಕೇಳುತ್ತಿದ್ದರು. ನನ್ನ ಮಾಲಿಗೆ ಅಷ್ಟು ಮರ್ಯಾದೆ ಬೇರೆ ಯಾರೂ ಕೊಟ್ಟಿಲ್ಲ.

ಶುರುವಾದದ್ದು ನಾಟಕದಲ್ಲಿ. ಹಳೆಯ ಪರದೆ ಕತ್ತರಿಸಿ ರಾಣಿಯ ಉಡುಗೆ ಹೊಲಿದರೆ ಕೊನೆಯ ಸಾಲಿನವನು ರೇಷ್ಮೆಯೆಂದೇ ನಂಬುತ್ತಿದ್ದ. ಸಿನಿಮಾದಲ್ಲಿ ಆ ಆಟ ನಡೆಯಲಿಲ್ಲ. ಕ್ಯಾಮೆರಾ ನೂಲಿನ ಎಳೆಯನ್ನೂ ಎಣಿಸುತ್ತದೆ. ಹಾಗಾಗಿ ಚಹಾ ಡಿಕಾಕ್ಷನ್, ಇಟ್ಟಿಗೆ ಪುಡಿ, ಸ್ಯಾಂಡ್ ಪೇಪರ್ ಹಿಡಿದು ಹತ್ತು ವರ್ಷದ ಬೆವರನ್ನು ಎರಡೇ ದಿನದಲ್ಲಿ ಬಟ್ಟೆಗೆ ಇಳಿಸುವುದನ್ನು ಕಲಿತರು. ಮೂವತ್ತು ವರ್ಷ ಅದರಲ್ಲೇ ಅನ್ನ ಉಂಡರು. ಐವತ್ತೆಂಟು ದಾಟುವ ಹೊತ್ತಿಗೆ ಒಂದು ಚಿತ್ರದಲ್ಲಿ, ಇವರ ಕಣ್ತಪ್ಪಿನಿಂದ, ಒಂದೇ ದೃಶ್ಯದಲ್ಲಿ ನಾಯಕನ ಟೋಪಿ ಬಾಗಿಲ ಹೊರಗೆ ಕಂದು, ಒಳಗೆ ಕಪ್ಪು ಆಗಿಬಿಟ್ಟಿತು. ಇನ್ನೊಂದು ತಪ್ಪಾದರೆ ಮನೆಯಲ್ಲೇ ಇರಿ ಎಂದು ನಿರ್ಮಾಪಕರು ಹೇಳಿಟ್ಟರು.

ಮುಂದಿನ ಚಿತ್ರದಲ್ಲಿ ಗಣಿ ಕೆಲಸದ ನಾಯಕನಿಗೆ ಒಂದೇ ಅಂಗಿ. ಹೊಡೆದಾಟದ ದೃಶ್ಯ ಅರ್ಧ ಮುಗಿದಿತ್ತು. ಉಳಿದರ್ಧ ಸೋಮವಾರ, ಅದೇ ಅಂಗಿ, ಅದೇ ಕಲೆಗಳಲ್ಲಿ. ಕಿತ್ತುಹೋದ ಗುಂಡಿ ಹಾಕಲೆಂದು ಆಕೆ ಅದನ್ನು ಮನೆಗೆ ತಂದರು. ಭಾನುವಾರ ಅಂಥದೇ ಗುಂಡಿಗಾಗಿ ಅಂಗಡಿ ಅಂಗಡಿ ಸುತ್ತಿ ಮಧ್ಯಾಹ್ನ ಬರುವಷ್ಟರಲ್ಲಿ, ಮನೆಯಲ್ಲಿ ಜೊತೆಗಿದ್ದ ಅಕ್ಕ ಅಂಗಿಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಚಿಟ್ಟಿದ್ದರು.

“ಎಂಥಾ ಕೊಳೆ ಕಣೇ ಅದು, ಮೂರು ಸಲ ಉಜ್ಜಬೇಕಾಯ್ತು. ನಿಂಗೆಲ್ಲಿದೆ ಬಿಡುವು ಅಂತ ನಾನೇ ಮಾಡ್ದೆ,” ಎಂದರಂತೆ.

ಸೂಜಿ ಹಿಡಿಯಲು ಕಲಿಸಿದ ಅಕ್ಕ. ಬೈಯಲು ಬಾಯಿ ಬರಲಿಲ್ಲ. ಚೆನ್ನಾಗಿದೆ ಎಂದು ಹೇಳಿ, ಅಂಗಿಯನ್ನು ಚೀಲಕ್ಕೆ ತುರುಕಿಕೊಂಡು ನನ್ನ ಅಂಗಡಿಗೆ ಓಡಿಬಂದರು.

ಅದೇ ಬಟ್ಟೆ ಇತ್ತು, ಬಣ್ಣ ಅದ್ದಿದ ಲಾಟು ಬೇರೆ. ಒಂದು ಚೂರು ನೀಲಿ ಹೆಚ್ಚು. ಬೇರೆಯವರಿಗಾದರೆ ಅದೇ ಎಂದು ಸಾಧಿಸಿ ಮಾರುತ್ತಿದ್ದೆ. ಕೊನೆಗೆ ಒಗೆದ ಅಂಗಿಗೇ ಕೊಳೆ ಹಚ್ಚಲು ನನ್ನ ಅಂಗಡಿಯಲ್ಲೇ ಕೂತರು. ಬಿಸಿನೀರಲ್ಲಿ ಗಂಜಿ ಬಿಡಿಸಿ, ಶೂಟಿಂಗಿನಲ್ಲಿ ತೆಗೆದಿಟ್ಟ ಫೋನಿನ ಚಿತ್ರ ನೋಡುತ್ತ ಒಂದೊಂದೇ ಕಲೆ. ಸಂಜೆಗೆ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಹೆತ್ತ ಮಗ್ಗಕ್ಕೂ ಗುರುತು ಸಿಗಲಿಕ್ಕಿಲ್ಲ ಎಂದೆ.

“ಇಲ್ಲಣ್ಣ,” ಎಂದರು. “ಅದು ಮೂರು ತಿಂಗಳು ಮೈಮೇಲಿದ್ದು ಕೊಳೆಯಾದ ಅಂಗಿ. ಇದು ಇವತ್ತು ಹೆದರ್ಕೊಂಡು ಕೊಳೆ ಮಾಡಿದ್ದು.”

ಸೋಮವಾರ ನಿರ್ದೇಶಕರು ಹಳೆಯ ಶಾಟನ್ನೂ ಹೊಸ ಶಾಟನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು. ಕಲೆಗಳೆಲ್ಲ ತಂತಮ್ಮ ಜಾಗದಲ್ಲೇ ಇದ್ದವು. ಗಂಜಿ ಪೂರ್ತಿ ಬಿಡದ ಕಾಲರ್ ಮಾತ್ರ ಮದುವಣಿಗನಂತೆ ಸೆಟೆದು ನಿಂತಿತ್ತು. ಯಾರು ಒಗೆದದ್ದು ಎಂದು ಕೇಳಿದರು. ನಾನೇ ಎಂದರು ವೇಷದಮ್ಮ. ಮಧ್ಯಾಹ್ನದೊಳಗೆ ಕೆಲಸ ಹೋಯಿತು, ಅವರ ಕತ್ತರಿ, ಟೇಪು ಚೀಲ ಸೇರಿದವು.

ಅಕ್ಕ ತಿಳಿಯದೆ ಒಗೆದರು ಎಂದಿದ್ದರೆ ಬೈಗುಳದಲ್ಲೇ ಮುಗಿಯುತ್ತಿತ್ತಲ್ಲ ಎಂದು ನಾನು ರೇಗಿದೆ.

“ಅಕ್ಕಂಗೇ ಫೋನ್ ಮಾಡಿ ಕೇಳಿಬಿಡ್ತಿದ್ರು. ಅವಳು ಹೆಮ್ಮೆಯಿಂದ ಒಪ್ಕೋತಿದ್ಳು. ಆಮೇಲೆ ಯಾಕೆ ಕೇಳಿದ್ರು ಅಂತ ಅವಳಿಗೆ ಗೊತ್ತಾಗ್ತಿತ್ತಲ್ಲಣ್ಣ.”

ಅಕ್ಕನಿಗೆ ಇನ್ನೂ ಗೊತ್ತಿಲ್ಲ. ದಿನವೂ ಬೆಳಿಗ್ಗೆ ಅವರು ಕಟ್ಟಿಕೊಟ್ಟ ಡಬ್ಬಿ ಹಿಡಿದು ವೇಷದಮ್ಮ ಸ್ಟುಡಿಯೋಗೆಂದು ಹೊರಟು ನನ್ನ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾರೆ. ಬೇರೆಯವರ ಫೋನು ಬಡಿದರೂ ತಮ್ಮ ಕೈಚೀಲ ತಡಕುತ್ತಾರೆ. ಐದು ಗಂಟೆಗೆ ತೋಳಿಗೆ ಒಂದಿಷ್ಟು ಸೀಮೆಸುಣ್ಣ ಒರೆಸಿಕೊಂಡು, ನಾಲ್ಕು ದಾರದ ತುಂಡು ಅಂಟಿಸಿಕೊಂಡು ಮನೆಗೆ ಹೋಗುತ್ತಾರೆ.

ಎಷ್ಟು ದಿನ ಹೀಗೆ ಎಂದು ಮೊನ್ನೆ ಕೇಳಿದೆ. ಯಾರಾದರೂ ಕರೆಯುವವರೆಗೆ ಎಂದರು. ಈ ಎಂಟು ತಿಂಗಳಲ್ಲಿ ಯಾರೂ ಕರೆದಿಲ್ಲ.