ಹಗೇವಿನ ಮೇಲಿನ ಮೀನಿನ ತೊಟ್ಟಿ

ಉಮರ್ಗಾದ ಹಳೆಯ ಮನೆಗಳಲ್ಲಿ, ನೆಲದಡಿ ಜೋಳ ತುಂಬಿಡುವ ಹಗೇವುಗಳು ಬರಿದಾಗಿದ್ದರೂ ಇನ್ನೂ ಮಣ್ಣು ಮುಚ್ಚಿರದ ಕಾಲವದು. ನಮ್ಮ ಪಡಸಾಲೆಯ ಫರಸಿಕಲ್ಲಿನ ಕೆಳಗೂ ಅಂಥದೊಂದು ಗುಂಡಿಯಿತ್ತು. ಅಜ್ಜಿ ಒನಕೆಯಿಂದ ನೆಲ ಕುಟ್ಟಿ ಅದರ ಟೊಳ್ಳು ಸದ್ದನ್ನು ನನಗೆ ಕೇಳಿಸಿದ್ದಳು. ಆಕೆ ತೀರಿಕೊಂಡ ಮೇಲೆ ಆ ಜಾಗ ಗೊತ್ತಿದ್ದುದು ನನಗೊಬ್ಬಳಿಗೇ.

ನಾನು ಏಳನೆಯ ತರಗತಿಯಲ್ಲಿದ್ದ ಚಳಿಗಾಲದಲ್ಲಿ ತಂದೆಯ ತಮ್ಮ, ನಮ್ಮ ಕಾಕಾ, ಎಂಟು ಅಡಿ ಉದ್ದದ ಮೀನಿನ ತೊಟ್ಟಿಯನ್ನು ತಾವೇ ಕಟ್ಟಲು ಕುಳಿತರು. ಗಾಜು ಅಂಟಿಸುವ ಗಮ್ಮಿನ ಹುಳಿ ವಾಸನೆಯೂ ಬೇಯಿಸಿದ ತೊಗರಿಕಾಯಿಯ ವಾಸನೆಯೂ ಬೆರೆತು ಮನೆಯನ್ನು ತುಂಬಿದ್ದವು. ಅಗಲ ಮೂರಡಿ, ಎತ್ತರ ಮೂರಡಿ. ಲೆಕ್ಕ ಹಾಕಿದೆ: ನೀರೊಂದೇ ಇಪ್ಪತ್ತು ಚೀಲ ಜೋಳದಷ್ಟು ಭಾರ! ಭಾರ ಹಂಚಲು ತೊಟ್ಟಿಯ ಸ್ಟ್ಯಾಂಡಿನ ಕಾಲುಗಳ ಕೆಳಗೆ ಎಷ್ಟು ಅಗಲದ ಕಲ್ಲು ಬೇಕೆಂದು ಎರಡು ಹಾಳೆಗಳಲ್ಲಿ ನಕ್ಷೆ ಬರೆದೆ. ಹಗೇವಿನಿಂದ ದೂರದ ಜಾಗವನ್ನು ನಾನೇ ತೋರಿಸುವೆನೆಂದೂ ಸೇರಿಸಿದೆ.

ಅಂದು ಎಳ್ಳಮಾವಾಸ್ಯೆ. ನಿಲಂಗಾದ ಬೀಗರು ಬಂದಿದ್ದರು. ಕಾಕಾ ಹಾಳೆಗಳನ್ನು ಎತ್ತಿ ಹಿಡಿದರು.

“ನೋಡ್ರೀ ಪಾವಣೇರ, ನಮ್ಮ ಮನ್ಯಾಗ ಇಂಜಿನೇರಬಾಯಿ ಹುಟ್ಯಾಳ! ಮೀನ ಕುಣದ್ರ ನೆಲಾ ಕುಸೀತದಂತ!”

“ಮದಲ ರೊಟ್ಟಿ ಗುಂಡಗ ಬಡೀಲಿಕ್ಕ ಕಲೀಲಿ ತಗೋರಿ,” ಎಂದರು ಬೀಗರು.

ನಗೆಯ ನಡುವೆ ಕಾಕಾ ಬೆರಳಿಗಂಟಿದ ಗಮ್ಮನ್ನು ನನ್ನ ಒಂದು ಹಾಳೆಗೆ ಒರೆಸಿಕೊಂಡರು. ನಾನು ಊಟ ಬಿಟ್ಟೆ. ಓಣಿಯೆಲ್ಲ ಅವರನ್ನು ನೋಡಿ ನಗಬೇಕು. ಅದಕ್ಕಿಂತ ಕಡಿಮೆಯದು ನನಗೆ ಬೇಡವಾಗಿತ್ತು.

ಎರಡು ದಿನ ಕಳೆದು, ಯಾರೂ ಇಲ್ಲದಾಗ ಕಾಕಾ ನನ್ನ ಬಳಿ ಬಂದರು. ಇನ್ನೊಂದು ಹಾಳೆ ಅವರ ಜೇಬಿನಲ್ಲಿತ್ತು.

“ಕಲ್ಲ ನೀ ಬರದಷ್ಟ ತರ್ಸೀನಿ. ಹಗೇವಿನ ಬಾಯಿ ಎಲ್ಲದ, ಬೇಟಾ? ನಮ್ಮವ್ವ ನಿನಗಷ್ಟ ತೋರ್ಸಿದ್ಲಲ್ಲ.”

“ದೇವರ ಮನಿ ಬಾಜೂಕ, ಕಾಕಾ. ಕಂಬದ ಕಡಿ ನೆಲಾ ಗಟ್ಟಿ ಅದ.”

ಹಗೇವಿದ್ದದ್ದು ಕಂಬದ ಕಡೆಗೇ.

ನೀರು ತುಂಬುವ ದಿನ ಓಣಿಯೆಲ್ಲ ನೆರೆದಿತ್ತು. ತೊಟ್ಟಿ ಮುಕ್ಕಾಲು ತುಂಬಿದಾಗ ಫರಸಿ ‘ಕಟ್’ ಎಂದಿತು. ಒಂದು ಕಾಲು ನೆಲದೊಳಗೆ ಇಳಿಯಿತು. ಗಾಜು ಸಿಡಿದು, ಎರಡು ತಿಂಗಳ ದುಡಿಮೆ ನೀರಿನ ಸಮೇತ ಹಗೇವಿಗೆ ಹೋಯಿತು. ಯಾರಿಗೂ ಗಾಯವಾಗಲಿಲ್ಲವೆಂದು ತಿಳಿದೊಡನೆ ಓಣಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಕಾಕಾ ತಿರುಗಿದರು.

“ಗೊತ್ತಿದ್ದೂ ಹಂಗ ಹೇಳ್ದಿ?”

“ಹೂಂ. ಗೊತ್ತಿದ್ದ ಹೇಳ್ದೆ.”

ಮುಂದೆ ಕಾಲೇಜಿನ ಚರ್ಚಾವೇದಿಕೆಗಳಲ್ಲಿ ವಾದಿಸುವುದನ್ನು ಕಲಿತೆ. ಹೆಣ್ಣುಮಕ್ಕಳ ಮಾತಿಗೆ ಬೆಲೆ ಬರಬೇಕೆಂದು ಇಂದಿಗೂ ಉದಗೀರದ ಸಭೆಗಳಲ್ಲಿ ಹೇಳುತ್ತೇನೆ. ಎಳ್ಳಮಾವಾಸ್ಯೆಯ ಆ ನಗೆಯನ್ನು ಈವರೆಗೆ ಕ್ಷಮಿಸಿಲ್ಲ. ಆದರೆ ಪ್ರತಿವಾದಿಯ ಪರವಾದ ಒಂದು ಸಂಗತಿಯನ್ನು ಮುಚ್ಚಿಡುವುದು ಅನ್ಯಾಯ. ಕಾಕಾ ತಾವೇ ನೆಲ ಕುಟ್ಟಿ ನೋಡಬಹುದಿತ್ತು. ನೋಡಲಿಲ್ಲ. ನಾನು ಹೇಳಿದ್ದು ಸಾಕೆಂದುಕೊಂಡರು.

ಈಚೆಗೆ ಅವರು ತುರೋರಿಯಲ್ಲಿ ಹೊಸ ಮನೆಗೆ ಪಾಯ ತೋಡಿಸುತ್ತಿದ್ದರು. ಎಷ್ಟು ಆಳ ಹೋಗಬೇಕೆಂದು ಗೋಡೆ ಕಟ್ಟುವ ಗವಂಡಿಯನ್ನು ಕೇಳಿದರು, ಟ್ರ್ಯಾಕ್ಟರಿನವನನ್ನು ಕೇಳಿದರು, ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬನನ್ನೂ ನಿಲ್ಲಿಸಿ ಕೇಳಿದರು. ಪಕ್ಕದಲ್ಲೇ ನಿಂತಿದ್ದ ನನಗೆ ಚಹಾ ತರಿಸಿಕೊಟ್ಟರು.