ಕಫೀಲನ ಕಪಾಟಿನ ಪಾಸ್‌ಪೋರ್ಟ್

ತೊಂಬತ್ತರ ದಶಕದಲ್ಲಿ ನಾನು ಒಮಾನಿನ ಸೀಬ್‌ನ ಶಾಲೆಯೊಂದರಲ್ಲಿ ಟೀಚರ್. ಬೇಸಿಗೆ ರಜೆಯಲ್ಲಿ ಅಮೆರಿಕದ ಗುಲಾಮರ ಚರಿತ್ರೆ ಓದಿಬಂದ ಮಕ್ಕಳು ಒಬ್ಬೊಬ್ಬರೇ ಎದ್ದು ಅನಿಸಿದ್ದು ಹೇಳುತ್ತಿದ್ದರು. ಎಲ್ಲರದೂ ಒಂದೇ ರಾಗ, ಅಯ್ಯೋ ಪಾಪ. ನನಗೆ ರೇಗುತ್ತಿತ್ತು.

ಉಡುಪಿ ಕಡೆಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಹೇಳಿದಳು: "ಧಣಿಯ ಚೀಟಿಯಿಲ್ಲದೆ ಅವರು ಊರು ದಾಟುವ ಹಾಗಿರಲಿಲ್ಲ. ಅಪ್ಪನ ಪಾಸ್‌ಪೋರ್ಟೂ ಕಫೀಲನ ಕಪಾಟಿನಲ್ಲಿದೆ."

ಕಫೀಲ್ ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ.

"ಅದೂ ಇದೂ ಒಂದೇನಾ?" ಎಂದು ಗದರಿದೆ. "ನಿಮ್ಮಪ್ಪ ತಾವೇ ಕರಾರಿಗೆ ಸಹಿ ಹಾಕಿ ಬಂದವರು."

ಅವಳು ನನಗಷ್ಟೇ ತಿಳಿಯಲೆಂದು ಕನ್ನಡಕ್ಕೆ ಹೊರಳಿದಳು. "ಅಪ್ಪನೂ ಹಾಗೇ ಹೇಳ್ತಾರೆ ಟೀಚರ್. ಊರಲ್ಲಿ ಅಜ್ಜ ತೀರಿಕೊಂಡಾಗ ಕಫೀಲ್ ಇಲ್ಲಿರ್ಲಿಲ್ಲ, ಕಪಾಟಿಗೆ ಬೀಗ, ಅಪ್ಪನಿಗೆ ಹೋಗ್ಲಿಕ್ಕಾಗ್ಲಿಲ್ಲ. ಆವತ್ತೂ ಅಪ್ಪ ಹಾಗೇ ಹೇಳಿದ್ರು, ತಾನೇ ಸಹಿ ಹಾಕಿ ಬಂದದ್ದು ಅಂತ."