ದೇವೀರಮ್ಮನವರ ಎರಡನೇ ರೆಕಾರ್ಡಿಂಗ್

ಕೊರೊನಾ ಕಳೆದು ಎರಡು ವರ್ಷವಾಗಿತ್ತು. ಬೆಂಗಳೂರಿನ ತಂಡವೊಂದು ಮಾಗಡಿ ತಾಲ್ಲೂಕಿನ ಚಿರತೆ ಹಾವಳಿಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿತ್ತು. ಅದರಲ್ಲಿ ನಾನು ಡೇಟಾ ಮ್ಯಾನೇಜರ್. ಚಿತ್ರೀಕರಣವಾದ ಮೆಮೊರಿ ಕಾರ್ಡನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕಿನಿಂದ ಇನ್ನೊಂದಕ್ಕೂ ಒಂದು ಪ್ರತಿ ತೆಗೆದು, ಆಮೇಲೆ ಕಾರ್ಡನ್ನು ಅಳಿಸಿ ಕ್ಯಾಮೆರಾದವರಿಗೆ ವಾಪಸ್ ಕೊಡುವುದು ನನ್ನ ಕೆಲಸ. ಯಾವ ನಿಮಿಷದಲ್ಲಿ ಏನಿದೆ ಎಂದು ಲಾಗ್ ಪುಸ್ತಕದಲ್ಲೂ ಬರೆದಿಡಬೇಕು.

ಮೂರನೆಯ ದಿನ ಗುಡೇಮಾರನಹಳ್ಳಿಯ ಆಚೆಯ ಹಳ್ಳಿಯೊಂದರಲ್ಲಿ ದೇವೀರಮ್ಮನವರನ್ನು ಮಾತನಾಡಿಸಿದೆವು. ಅವರ ಹದಿನಾರು ವರ್ಷದ ಮಗಳು ಭವ್ಯ, ಸಂಜೆ ಕರು ಹಿಡಿದು ತರಲು ಹೋಗಿ ಚಿರತೆಗೆ ಬಲಿಯಾಗಿ ಆಗ ಐದು ತಿಂಗಳು. ಜಗಲಿಯ ಮೇಲೆ ಕೂತು ಮುಕ್ಕಾಲು ಗಂಟೆ ಹೇಳಿದರು. ಮಗಳ ಕಬಡ್ಡಿ, ತಮ್ಮನ ಜೊತೆ ಅವಳ ಜಗಳ ಹೇಳುವಾಗ ನಕ್ಕರು. ಹಸಿರು ಚೂಡಿದಾರ್ ನೋಡಿ ಗುರುತು ಹಿಡಿದೆ ಎನ್ನುವಾಗ ಸೆರಗು ಕಚ್ಚಿ ಅತ್ತರು. ಪಕ್ಕದಲ್ಲಿದ್ದ ನಾನು ಬರೆದುಕೊಂಡೆ: ಮೂವತ್ತೊಂದನೇ ನಿಮಿಷ, ಚೂಡಿದಾರ್, ಅಳು.

ನಾಲ್ಕು ದಿನ ಬಿಟ್ಟು ನಿರ್ದೇಶಕರು ಆ ಭಾಗ ಕೇಳಿದರು. ದೇವೀರಮ್ಮನವರ ಹೆಸರಿನ ಫೋಲ್ಡರ್ ತೆರೆದರೆ ಖಾಲಿ. ಎರಡನೇ ಡಿಸ್ಕಿನಲ್ಲೂ ಖಾಲಿ. ಕಾರ್ಡಿನ ಮೇಲೆ ಆಗಲೇ ಬೇರೆ ಚಿತ್ರೀಕರಣವಾಗಿತ್ತು. ನಕಲು ಮಾಡದೇ ಅಳಿಸಿಬಿಟ್ಟಿದ್ದೇನೆ ಎಂದು ಒಪ್ಪಿಕೊಂಡೆ.

ಅವರು ಬಯ್ಯಲಿಲ್ಲ. "ನಾಳೆ ಬೆಳಿಗ್ಗೆ ಮತ್ತೆ ಹೋಗೋಣ. ನೀನು ಚನ್ನಪಟ್ಟಣದವಳು, ನೀನೇ ಮಾತಾಡಿ ಒಪ್ಪಿಸು" ಎಂದರು.

ಕ್ಯಾಮೆರಾ ಕೆಟ್ಟಿತ್ತೆಂದು ಸುಳ್ಳು ಹೇಳಿ ಒಪ್ಪಿಸಿದೆ. "ಅವತ್ತೇ ಎಲ್ಲಾನೂ ಹೇಳ್ಬುಟ್ನಲ್ಲವ್ವ, ಇನ್ನೇನೈತೆ ಹೇಳಾಕೆ?" ಎಂದ ದೇವೀರಮ್ಮ, ಆದರೂ ಮುಖ ತೊಳೆದು ಬಂದು ಕೂತರು. ಈ ಸಲ ಅರಣ್ಯ ಇಲಾಖೆಯವರಿಗೆ ಹೇಳಿಕೆ ಕೊಟ್ಟ ಹಾಗೆ ಹೇಳಿದರು. ಹತ್ತು ನಿಮಿಷದಲ್ಲಿ ಮುಗಿಯಿತು. ಕಣ್ಣು ಒದ್ದೆಯಾಗಲಿಲ್ಲ.

ನಿರ್ದೇಶಕರು ನನ್ನ ಕಡೆ ತಿರುಗಿದರು. "ಲಾಗ್ ನೋಡು. ಅವತ್ತು ಎಲ್ಲಿ ಅತ್ತಿದ್ದು? ಅದನ್ನ ನೆನಪು ಮಾಡು."

ನೋಡಿದೆ. "ಅಮ್ಮಾ, ಅವತ್ತು ಹಸಿರು ಚೂಡಿದಾರ್ ಅಂದ್ರಲ್ಲ..."

ದೇವೀರಮ್ಮ ನನ್ನನ್ನೇ ನೋಡಿದರು. "ಅದ್ನೂ ಬರ್ಕೊಂಡಿದ್ಯಾ?" ಎಂದರು. ಆಮೇಲೆ ಎದೆ ಬಡಿದುಕೊಂಡು ಚೀರಿದರು. ಕ್ಯಾಮೆರಾ ನಿಲ್ಲಲಿಲ್ಲ. ಹಿತ್ತಲಿನಿಂದ ಓಡಿ ಬಂದ ಅವರ ಗಂಡ ಮುದ್ದಯ್ಯ, "ಎದ್ದೋಗ್ರಯ್ಯ! ನಮ್ಮ ಮಗ ಒಂದ್ಸಲ ಸತ್ತಿದ್ದು ಸಾಲ್ದಾ ನಿಮ್ಗೆ?" ಎಂದು ಕೂಗಿದರು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಪ್ರೀತಿಯಿಂದ ಮಗ ಎನ್ನುತ್ತಾರೆ. ನಾನು ತಲೆ ತಗ್ಗಿಸಿ ನಿಮಿಷ ಬರೆದುಕೊಂಡೆ.

ಎರಡು ದಿನದ ಮೇಲೆ ಮೊದಲ ರೆಕಾರ್ಡಿಂಗ್ ಸಿಕ್ಕಿತು. ಅವಸರದಲ್ಲಿ ಅದನ್ನು ಕುದೂರಿನ ಅಂಗಡಿ ಬೀದಿಯ ಚಿತ್ರೀಕರಣದ ಫೋಲ್ಡರಿಗೆ ಹಾಕಿಬಿಟ್ಟಿದ್ದೆ. ನಿರ್ದೇಶಕರು ಎರಡನ್ನೂ ನೋಡಿದರು. "ಎರಡನೇದೇ ಇರಲಿ. ಮೊದಲನೇದ್ರಲ್ಲಿ ಸುಮ್ಮನೆ ನಗ್ತಾರೆ" ಎಂದರು.

ರಾಮನಗರದಲ್ಲಿ ಪ್ರದರ್ಶನವಿಟ್ಟಾಗ ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು. ದೇವೀರಮ್ಮನವರೂ ಬಂದಿದ್ದರು. ಹೊರಗೆ ನನ್ನ ಕೈ ಹಿಡಿದು, "ಮೊದ್ಲು ಹೇಳಿದ್ನಲ್ಲ, ನನ್ ಮಗಳ ಆಟ, ಜಗಳ, ಅದು ಒಸಿನೂ ಉಳ್ದಿಲ್ವ? ಇದ್ರೆ ಫೋನಿಗೆ ಹಾಕ್ಕೊಡವ್ವ" ಎಂದರು.

"ಇಲ್ಲಮ್ಮ, ಎಲ್ಲಾ ಹೋಯ್ತು" ಎಂದೆ. ಇದೆ ಎಂದರೆ, ಹಾಗಾದರೆ ನನ್ನನ್ನು ಎರಡನೇ ಸಲ ಯಾಕೆ ಅಳಿಸಿದಿರಿ ಎಂದು ಕೇಳುತ್ತಿದ್ದರು.

ಈಗ ನನ್ನ ಕೈಕೆಳಗೆ ಕಲಿಯುವವರಿಗೆ ಹೇಳುತ್ತೇನೆ: ಕಳೆದಿದೆ ಎನ್ನುವ ಮುನ್ನ ಪ್ರತಿ ಫೋಲ್ಡರನ್ನೂ ತೆರೆದು ನೋಡಿ. ನಿಜಕ್ಕೂ ಕಳೆದಿದ್ದರೆ ಅದು ನಮ್ಮ ನಷ್ಟ. ಅದನ್ನು ತುಂಬಿಕೊಳ್ಳಲು ಸಾವಾದ ಮನೆಗೆ ಹೋಗಬೇಡಿ. ಇಷ್ಟು ಹೇಳಲು ನನಗೆ ಬರುತ್ತದೆ. ಆ ಮುಕ್ಕಾಲು ಗಂಟೆ ಇಂದಿಗೂ ನನ್ನ ಡಿಸ್ಕಿನಲ್ಲಿದೆ. ಅವರ ಊರಿಗೆ ಬಸ್ಸಿದೆ. ನಾನು ಹೋಗಿಲ್ಲ.